ಅಜ್ಜನ ಮಂಜಿಯ ಮಾತುಗಳು: ಹಾಯಿ, ಕೂವೆ, ಚುಕ್ಕಾಣಿ, ಮಾರು

ಪ್ರಶ್ನೆ: ನಮ್ಮ ಅಜ್ಜ ಕುಂದಾಪುರ ಕಡೆಯವರು. ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಾಯಿಹಡಗಿನಲ್ಲಿ, ಖಲಾಸಿಯಾಗಿ ಕೂಲಿ ಕೆಲಸ ಮಾಡುತ್ತಿದ್ದರು. ಹೆಂಚು ಹೇರಿಕೊಂಡು ಮುಂಬಯಿವರೆಗೆ ಹೋಗುತ್ತಿದ್ದರಂತೆ. ಅವರು ಆಡುತ್ತಿದ್ದ ಪದಗಳನ್ನು ಅಮ್ಮ ನೆನಪು ಮಾಡಿಕೊಂಡು ಬರೆಸಿದ್ದಾರೆ: ಹಾಯಿ, ಕೂವೆ, ಚುಕ್ಕಾಣಿ, ಲಂಗರು, ತಂಡೇಲ, ಅಳಿವೆ, ಮಾರು, ಜಮ್ನಾ, ದಾವಾ, ಆರಿಯಾ. ಮಗಳು ಈ ಪಟ್ಟಿಯನ್ನು ಶಾಲೆಯ ಪ್ರಾಜೆಕ್ಟಿಗೆ ಒಯ್ದಳು. ‘ಇದರಲ್ಲಿ ಶುದ್ಧ ಕನ್ನಡದ್ದು ಮಾತ್ರ ಉಳಿಸಿಕೊಂಡು ಬಾ’ ಅಂತ ವಾಪಸ್ ಕಳಿಸಿದ್ದಾರೆ. ಯಾವುದು ಕನ್ನಡ, ಯಾವುದು ಅಲ್ಲ? ಪೋರ್ಟ್, ಸ್ಟಾರ್‌ಬೋರ್ಡ್, ಶೀಟ್ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾರಲ್ಲ, ಅವಕ್ಕೆ ನಮ್ಮಲ್ಲಿ ಏನನ್ನುತ್ತಾರೆ? ಕೂವೆ ಅಂದರೆ ಹಿಟ್ಟು ತೆಗೆಯುವ ಗಡ್ಡೆ ಅಲ್ವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಪಟ್ಟಿಯಿಂದ ಒಂದು ಪದವನ್ನೂ ತೆಗೆಯಬೇಡಿ. ನಿಮ್ಮ ಅಜ್ಜ ಆಡಿದ್ದೆಲ್ಲ ಕರಾವಳಿಯ ಕನ್ನಡವೇ. ಅದರಲ್ಲಿ ಕೆಲವು ಪದ ಇಲ್ಲೇ ಹುಟ್ಟಿದ್ದು, ಕೆಲವು ಹಡಗು ಹತ್ತಿ ಬಂದದ್ದು. ಯಾವುದು ಎಲ್ಲಿಂದ ಬಂತು ಅಂತ ತಿಳಿಯುವುದು ಒಳ್ಳೆಯದೇ. ಹೊರಗಿನಿಂದ ಬಂತು ಅಂತ ಹೊರಗೆ ಹಾಕುವುದು ಮಾತ್ರ ಸರಿಯಲ್ಲ. ಏಕೆ ಅಂತ ಒಂದೊಂದೇ ಪದ ಹಿಡಿದು ಹೇಳುತ್ತೇನೆ.

ಹಾಯಿಯಿಂದ ಶುರು ಮಾಡೋಣ. ಹೊಳೆ ಹಾಯಲು ಬೇಕಾದ್ದು ಹಾಯಿ, ಅಂದರೆ ‘ಹಾಯು’ ಅನ್ನುವ ಕ್ರಿಯೆಯಿಂದಲೇ ಈ ಪದ ಬಂತು ಅಂತ ತುಂಬ ಜನ ತಿಳಿದಿದ್ದಾರೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಆದರೆ ಪಕ್ಕದ ಭಾಷೆಗಳನ್ನು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ತಮಿಳು ಮತ್ತು ಮಲಯಾಳದಲ್ಲಿ ಇದಕ್ಕೆ ‘ಪಾಯ್’ ಅನ್ನುತ್ತಾರೆ. ಆ ಪದಕ್ಕೆ ಅಲ್ಲಿ ಎರಡು ಅರ್ಥ: ಹಡಗಿನ ಹಾಯಿ, ಮಲಗುವ ಚಾಪೆ. ತುಳುವಿನಲ್ಲಿ ಪಾಯಿ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಡಗು ಹಡಗಾಯಿತು. ಹಾಗೇ ಪಾಯಿ ಹಾಯಿಯಾಯಿತು. ಹಾಯಾಗಿ ಮಲಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಚಾಪೆಗೂ ಹಾಯಿಗೂ ಒಂದೇ ಪದ ಯಾಕೆ? ಯಾಕೆಂದರೆ ಹತ್ತಿಯ ಬಟ್ಟೆಗಿಂತ ಮೊದಲು, ಮತ್ತೆ ಅದರ ಜೊತೆಜೊತೆಗೂ, ಗರಿಯಿಂದ ಹೆಣೆದ ಚಾಪೆಯನ್ನೇ ಹಾಯಿಯಾಗಿ ಕಟ್ಟುತ್ತಿದ್ದರು. ಪೂರ್ವ ಆಫ್ರಿಕಾದ ತೀರದಲ್ಲಿ ಮ್ತೆಪೆ ಅನ್ನುವ ಹಡಗು ಇತ್ತು. ಅದರ ಹಲಗೆಗಳನ್ನು ಹಗ್ಗದಿಂದ ಹೊಲಿಯುತ್ತಿದ್ದರು. ಅದಕ್ಕೆ ಕೊನೆಯವರೆಗೂ ಚಾಪೆಯದೇ ಹಾಯಿ. ನಮ್ಮ ‘ಹಾಯಿ’ಯಲ್ಲಿ ಆ ಕಾಲದ ನೆನಪು ಉಳಿದಿದೆ. ಕನ್ನಡದಲ್ಲಿ ಚಾಪೆಯ ಅರ್ಥ ಬಿದ್ದುಹೋಯಿತು, ಹಾಯಿಯ ಅರ್ಥ ನಿಂತಿತು.

ಬಟ್ಟೆಯ ಹಾಯಿ ಬಂದ ಮೇಲೆ ಇನ್ನೊಂದು ಪದವೂ ನಡೆಯಿತು. ಪಟ. ಸಂಸ್ಕೃತದಲ್ಲಿ ಪಟ ಅಂದರೆ ಬಟ್ಟೆ. ಮಕ್ಕಳು ಹಾರಿಸುವ ಗಾಳಿಪಟದಲ್ಲಿ ಇರುವುದೂ ಇದೇ ಪಟ. ಮಗಳಿಗೆ ಹೇಳಿಕೊಡಿ: ಗಾಳಿಪಟ ಅಂದರೆ ಗಾಳಿ ಹಿಡಿಯುವ ಬಟ್ಟೆ. ದೋಣಿಯ ಮೇಲಿದ್ದರೆ ದೋಣಿಯನ್ನು ಎಳೆಯುತ್ತದೆ, ದಾರ ಕಟ್ಟಿದರೆ ಆಕಾಶಕ್ಕೆ ಏರುತ್ತದೆ. ಕೆಲಸ ಒಂದೇ.

ಇನ್ನು ಕೂವೆ. ಗಡ್ಡೆಯ ಕೂವೆ ಬೇರೆ, ಹಡಗಿನ ಕೂವೆ ಬೇರೆ. ಹಾಯಿ ಕಟ್ಟುವ ಕಂಬಕ್ಕೆ ಕೂವೆ ಅಥವಾ ಕೂವೆಮರ ಅನ್ನುತ್ತಾರೆ. ತಮಿಳಿನಲ್ಲಿ, ಮಲಯಾಳದಲ್ಲಿ ಇದು ಕೂಂಬು. ಶುದ್ಧ ಕನ್ನಡ ಬೇಕು ಅಂದವರಿಗೆ ಮೊದಲು ತೋರಿಸಬೇಕಾದ ಪದ ಇದೇ. ದುಃಖದ ಸಂಗತಿ ಅಂದರೆ, ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಪಟಸ್ತಂಭ’ ಅಂತ ಬರೆಯುತ್ತಾರೆ. ಮರದ ಮೇಲೆ ಕೈಯಿಟ್ಟು ಕೆಲಸ ಮಾಡಿದವರ ಎರಡಕ್ಷರದ ಪದ ಇದ್ದಾಗ ಆ ಭಾರದ ಪದ ಯಾಕೆ ಬೇಕು?

ನಮ್ಮ ಕರಾವಳಿಯ ಮಂಜಿ, ಮಚುವೆಗಳ ಕೂವೆ ನೆಟ್ಟಗೆ ನಿಲ್ಲುವುದಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಅದಕ್ಕೆ ಒಂದು ಉದ್ದನೆಯ ಮರವನ್ನು ಓರೆಯಾಗಿ ತೂಗುಹಾಕುತ್ತಾರೆ. ಹಾಯಿಯನ್ನು ಕಟ್ಟುವುದು ಆ ಓರೆಮರಕ್ಕೆ. ದೂರದಿಂದ ನೋಡಿದರೆ ಹಾಯಿ ಮುಕ್ಕೋನದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮುಂದಿನ ಮೂಲೆಯನ್ನು ಚೂರು ಕತ್ತರಿಸಿದ ಹಾಗಿರುತ್ತದೆ, ಅಂದರೆ ನಿಜಕ್ಕೂ ನಾಲ್ಕು ಮೂಲೆ. ಈ ಹಾಯಿಗೆ ಗಾಳಿ ಬೆನ್ನಿಂದ ಬಂದರೂ ಆಗುತ್ತದೆ, ಪಕ್ಕದಿಂದ ಬಂದರೂ ಆಗುತ್ತದೆ. ಕಷ್ಟ ಇರುವುದು ಎದುರು ಗಾಳಿಯಲ್ಲಿ. ಆಗ ಓರೆ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸಾಗಬೇಕು. ಪ್ರತಿ ತಿರುವಿನಲ್ಲೂ ಆ ಭಾರದ ಮರವನ್ನು ಕೂವೆಯ ಈ ಬದಿಯಿಂದ ಆ ಬದಿಗೆ ತರಬೇಕು. ಗಾಳಿ ಜೋರಿದ್ದರೆ ಅದು ಪ್ರಾಣದ ಜೊತೆ ಆಟ. ಆದ್ದರಿಂದಲೇ ಹಳಬರು ಗಾಳಿಯ ಎದುರು ಹಟ ಮಾಡುತ್ತಿರಲಿಲ್ಲ. ಗಾಳಿ ತಿರುಗುವವರೆಗೆ ಬಂದರಿನಲ್ಲಿ ಕಾಯುತ್ತಿದ್ದರು.

ಈ ಕಾಯುವುದು ಒಂದೆರಡು ದಿನದ್ದಲ್ಲ. ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಗಾಳಿ ಈಶಾನ್ಯದಿಂದ ಬೀಸುತ್ತದೆ. ಅದನ್ನು ಹಿಡಿದು ನಮ್ಮ ತೀರದ ಹಡಗುಗಳು ಅರಬ್ ದೇಶಗಳಿಗೂ ಆಫ್ರಿಕಾಕ್ಕೂ ಹೋಗುತ್ತಿದ್ದವು. ಮಳೆಗಾಲದ ಗಾಳಿ ನೈಋತ್ಯದಿಂದ. ಅದರ ಆರಂಭದ ದಿನಗಳಲ್ಲಿ ಇಲ್ಲವೇ ಅದು ಕಡಿಮೆಯಾದ ಮೇಲೆ ಹಿಂದಕ್ಕೆ ಬರುತ್ತಿದ್ದವು. ನಡುವಿನ ಜೂನ್, ಜುಲೈಯಲ್ಲಿ ಯಾರೂ ಕಡಲಿಗಿಳಿಯುತ್ತಿರಲಿಲ್ಲ. ಇಂಗ್ಲಿಷಿನ ಮಾನ್ಸೂನ್ ಹುಟ್ಟಿದ್ದೂ ಹಡಗಿನಲ್ಲೇ. ಅರಬ್ಬಿಯಲ್ಲಿ ಮೌಸಿಮ್ ಅಂದರೆ ಕಾಲ, ಋತು. ಅದು ಪೋರ್ಚುಗೀಸರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ಮುಂಗಾರು ಮಾತ್ರ ರೈತರ ಪದ. ಅದರಲ್ಲಿರುವುದು ಕಾರು, ಅಂದರೆ ಕಪ್ಪು ಮೋಡದ ಮಳೆಗಾಲ.

ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವ ಒಂದು ವಿಷಯ ಇದೆ. ‘ಗಾಳಿ ಬಂದಾಗ ತೂರಿಕೋ’ ಅನ್ನುತ್ತೇವಲ್ಲ, ಅದು ಕಣದಲ್ಲಿ ನಿಂತವನ ಮಾತು. ಹೊಟ್ಟು ಹಾರಿ ಕಾಳು ಉಳಿಯಲಿ ಅಂತ ಗಾಳಿಗೆ ಕಾದವನ ಮಾತು. ಘಟ್ಟದ ಮೇಲೆ ಗಾಳಿ ಅಂದರೆ ಕಾಳು ತೂರುವ ಕೆಲಸ ನೆನಪಾಗುತ್ತದೆ. ಘಟ್ಟದ ಕೆಳಗೆ ಹಾಯಿ ನೆನಪಾಗುತ್ತದೆ. ಕನ್ನಡದ ಗಾದೆಗಳಲ್ಲಿ ಕಣಕ್ಕೆ ಸಿಕ್ಕ ಜಾಗ ಕಡಲಿಗೆ ಸಿಗಲಿಲ್ಲ.

ದಿನದ ಗಾಳಿಗೂ ಒಂದು ಲೆಕ್ಕ ಇದೆ. ಮಳೆಗಾಲ ಮುಗಿದ ಮೇಲೆ ನಮ್ಮ ತೀರದಲ್ಲಿ ಬೆಳಗಿನ ಜಾವ ಗಾಳಿ ಮೂಡಣದಿಂದ, ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ರಾತ್ರಿಯೆಲ್ಲ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬೆಚ್ಚಗೇ ಇರುತ್ತದೆ, ಆದ್ದರಿಂದ ಹಾಗೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾಯುತ್ತದೆ, ಆಗ ಪಡುವಣ ಗಾಳಿ ಏಳುತ್ತದೆ. ಹಾಯಿದೋಣಿಯವರು ಮೂಡುಗಾಳಿಯಲ್ಲಿ ಹೊರಟು ಪಡುಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ಹುಟ್ಟು ಹಾಕುವ ಶ್ರಮ ಎರಡು ಸಲವೂ ತಪ್ಪುತ್ತಿತ್ತು. ತೆಂಕು, ಬಡಗು, ಮೂಡು, ಪಡು ಅನ್ನುವ ಪದಗಳನ್ನು ಕರಾವಳಿ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಸುಮ್ನೆ ಅಲ್ಲ. ತುಳುವಿನಲ್ಲಿ ಪಡ್ಡಾಯಿ ಅಂದರೆ ಪಡುವಣ. ಮೀನುಗಾರನಿಗೆ ಅದು ಕಡಲು ಇರುವ ದಿಕ್ಕೇ.

ಈಗ ಚುಕ್ಕಾಣಿ. ಇದು ನಿಮ್ಮ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಪದ. ‘ಪಕ್ಷದ ಚುಕ್ಕಾಣಿ ಹಿಡಿದರು’ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಇದಕ್ಕಿಂತ ಕನ್ನಡದ ಪದ ಬೇಕಾ ಅನ್ನಿಸುತ್ತದೆ. ಆದರೆ ಇದರ ಬೇರು ಅರಬ್ಬಿಯಲ್ಲಿದೆ. ಹಡಗನ್ನು ತಿರುಗಿಸಲು ಹಿಂಬದಿಯಲ್ಲಿ ಇರುವ ಹಲಗೆಗೆ ಅರಬ್ಬಿಯಲ್ಲಿ ಸುಕ್ಕಾನ್. ಅದನ್ನು ಹಿಡಿಯುವವನು ಸುಕ್ಕಾನಿ. ಮಲಯಾಳದಲ್ಲಿ ಚುಕ್ಕಾನ್ ಆಯಿತು, ಮರಾಠಿಯಲ್ಲಿ ಸುಕಾಣೂ ಆಯಿತು. ಹಿಡಿಯುವವನ ಹೆಸರನ್ನೇ ನಾವು ಹಲಗೆಗೆ ಇಟ್ಟೆವು. ಹಿಂದೂಸ್ಥಾನದ ಹಡಗುಗಳ ಚುಕ್ಕಾಣಿಗಾರನಿಗೆ ಇಂಗ್ಲಿಷರು ಸೀಕನಿ ಅಂದರು. ಅವರ ಕಿವಿಗೆ ಅದರಲ್ಲಿ ‘ಸೀ’ ಅಂದರೆ ಕಡಲು ಕೇಳಿಸಿರಬೇಕು. ಬೇರು ಮಾತ್ರ ಅದೇ ಸುಕ್ಕಾನಿ.

ಇದನ್ನು ‘ಶುದ್ಧ ಕನ್ನಡ ಅಲ್ಲ’ ಅಂತ ಪಟ್ಟಿಯಿಂದ ತೆಗೆದರೆ ಅದರ ಜಾಗಕ್ಕೆ ಏನು ಇಡುತ್ತೀರಿ? ನಿಜವಾದ ದೋಣಿಯ ಮೇಲೆ, ಅಳಿವೆ ದಾಟುವ ಹೊತ್ತಿನಲ್ಲಿ, ಒಬ್ಬ ಇನ್ನೊಬ್ಬನಿಗೆ ಕೂಗಿ ಹೇಳಬೇಕು. ಗಾಳಿಯ ಸದ್ದು, ತೆರೆಯ ಸದ್ದು. ಆಗ ಬಾಯಿಗೆ ಬರುವ ಪದ, ಎಲ್ಲರಿಗೂ ತಕ್ಷಣ ತಿಳಿಯುವ ಪದ ಬೇಕು. ಒಂದು ಮಂಜಿಯ ಮೇಲೆ ಮೊಗವೀರರು, ಖಾರ್ವಿಗಳು, ಬ್ಯಾರಿಗಳು ಇರಬಹುದು. ಸರಕಿನ ಯಜಮಾನ ಭಟ್ಕಳದ ನವಾಯತನೋ ಮಂಗಳೂರಿನ ಬಂದರಿನ ಕಚ್ಛಿ ವ್ಯಾಪಾರಿಯೋ ಆಗಿರಬಹುದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕುಂದಗನ್ನಡ. ದೋಣಿಯ ಮೇಲೆ ಎಲ್ಲರಿಗೂ ಒಂದೇ ಚುಕ್ಕಾಣಿ.

ಲಂಗರು, ಬಂದರು ಎರಡೂ ಪಾರಸಿ. ಇವುಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸಿಖ್ಖರ ಗುರುದ್ವಾರದ ಊಟಕ್ಕೆ ಲಂಗರ್ ಅನ್ನುತ್ತಾರಲ್ಲ, ಪಾರಸಿಯಲ್ಲಿ ಅದಕ್ಕೂ ಹಡಗಿನ ಲಂಗರಿಗೂ ಪದ ಒಂದೇ. ಕಬ್ಬಿಣ ಬರುವ ಮೊದಲು ಲಂಗರು ಅಂದರೆ ತೂತು ಕೊರೆದ ಕಲ್ಲು. ಅಂಥ ಕಲ್ಲುಗಳು ದ್ವಾರಕೆಯ ಸಮುದ್ರದಲ್ಲಿ ಸಿಕ್ಕಿವೆ. ಬಂದರಿಗೆ ನಮ್ಮದೇ ಪದ ರೇವು. ಮಂಗಳೂರಿನವರು ಮೀನು ಇಳಿಸುವ ಕಟ್ಟೆಗೆ ಧಕ್ಕೆ ಅನ್ನುತ್ತಾರೆ. ಪೆಟ್ಟು ಅನ್ನುವ ಅರ್ಥದ ಧಕ್ಕೆ ಅಲ್ಲ ಇದು. ಮರಾಠಿ, ಗುಜರಾತಿ ಕಡೆಯ ಧಕ್ಕಾ. ಮುಂಬಯಿಯ ಭಾವುಚಾ ಧಕ್ಕಾದಲ್ಲಿ ಇರುವುದೂ ಇದೇ. ನಿಮ್ಮ ಅಜ್ಜ ಎರಡೂ ಧಕ್ಕೆಗಳಲ್ಲಿ ಕಾಲಿಟ್ಟಿರಬಹುದು.

ಅಳಿವೆ ಮಾತ್ರ ಪೂರ್ತಿ ನಮ್ಮದು. ಹೊಳೆ ಕಡಲು ಸೇರುವ ಬಾಯಿ. ಮಲಯಾಳದಲ್ಲಿ ಅಳಿ. ಕಣ್ಣೂರಿನ ಹತ್ತಿರದ ಅಳಿಕ್ಕಲ್ ಊರಿನ ಹೆಸರಿನಲ್ಲಿ ಅದೇ ಇದೆ. ಅಳಿವೆಯಲ್ಲಿ ಹೊಳೆ ಹೊತ್ತು ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಸೇರಿ ದಿಬ್ಬ ಏಳುತ್ತದೆ. ದಿಬ್ಬದ ಮೇಲೆ ನೀರು ತೆಳು, ಅಲ್ಲೇ ತೆರೆ ಒಡೆಯುತ್ತದೆ. ಗಂಗೊಳ್ಳಿಯ ಅಳಿವೆ, ಹೊನ್ನಾವರದಲ್ಲಿ ಶರಾವತಿಯ ಅಳಿವೆ, ಇವುಗಳ ಹೆಸರು ಕೇಳಿದರೆ ಮೀನುಗಾರರು ಇವತ್ತಿಗೂ ಗಂಭೀರವಾಗುತ್ತಾರೆ. ನಡುಗಡಲಿಗಿಂತ ಮನೆ ಬಾಗಿಲಲ್ಲೇ ಅಪಾಯ ಜಾಸ್ತಿ. ಆದ್ದರಿಂದ ಭರತ, ಇಳಿತದ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ನೀರು ಏರುವುದು ಭರತ, ಇಳಿಯುವುದು ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ದೊಡ್ಡದು. ಪ್ರತಿ ದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ತೀರದಲ್ಲಿ ಏರಿಳಿತ ಒಂದೆರಡು ಮೀಟರ್ ಅಷ್ಟೇ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರ್ ದಾಟುತ್ತದೆ. ಆದರೂ ಮರಳದಿಬ್ಬದ ಮೇಲೆ ಆ ಒಂದು ಮೀಟರೇ ದೋಣಿಯ ತಳ ತಾಗುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುತ್ತದೆ.

ಜನರ ಹೆಸರುಗಳಿಗೆ ಬರೋಣ. ನಾಖುದಾ ಅಂದರೆ ಪಾರಸಿಯಲ್ಲಿ ಹಡಗಿನ ಒಡೆಯ. ‘ನಾವ್’ ಮತ್ತು ‘ಖುದಾ’ ಸೇರಿ ಆದ ಪದ. ಆ ನಾವ್‌ಗೂ ನಮ್ಮ ನಾವೆ, ನಾವಿಕಕ್ಕೂ ದೂರದ ನಂಟಿದೆ. ಹಳೆಯ ಕಾಲದಲ್ಲಿ ನಾಖುದಾ ಸರಕಿನ ಯಜಮಾನ ಇಲ್ಲವೇ ಯಜಮಾನನ ಪರವಾಗಿ ಬಂದವನು. ದಾರಿ ಬಲ್ಲವನು ಬೇರೆ ಇರುತ್ತಿದ್ದ. ಅವನು ಮುಅಲ್ಲಿಮ್, ಅಂದರೆ ಅರಬ್ಬಿಯಲ್ಲಿ ಕಲಿಸುವವನು, ಮೇಷ್ಟ್ರು. ನಕ್ಷತ್ರ ಓದುವವನನ್ನು ಮೇಷ್ಟ್ರು ಅಂತ ಕರೆದದ್ದು ನನಗೆ ತುಂಬ ಸರಿ ಅನ್ನಿಸುತ್ತದೆ.

ಸಾರಂಗ, ತಂಡೇಲ, ಖಲಾಸಿ ಇವರೆಲ್ಲ ದುಡಿಯುವವರು. ಸಾರಂಗ ಅಂದರೆ ಜಿಂಕೆ ಅಲ್ಲ. ಪಾರಸಿಯ ಸರ್‌ಹಂಗ್, ಮುಖ್ಯಸ್ಥ. ಬ್ರಿಟಿಷರ ಹಡಗುಗಳಲ್ಲಿ ನಮ್ಮ ಕಡೆಯ ಕೆಲಸಗಾರರಿಗೆಲ್ಲ ಲಸ್ಕರ್ ಅಂತ ಹೆಸರು. ಅವರ ಮೇಲೆ ಸಾರಂಗ, ಅವನ ಕೆಳಗೆ ತಂಡೇಲ. ಆದರೆ ಕರಾವಳಿಯ ಮೀನುದೋಣಿಯಲ್ಲಿ ತಂಡೇಲನೇ ದೊಡ್ಡವನು. ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಅನ್ನುವುದು ಅವನ ಮಾತು. ಕಾರವಾರದ ಕಡೆ ತಾಂಡೇಲ ಅನ್ನುವುದು ಮನೆತನದ ಹೆಸರೇ ಆಗಿದೆ. ಹಾಯಿ ಹೋಗಿ ಎಂಜಿನ್ ಬಂತು, ಜಿಪಿಎಸ್ ಬಂತು. ಟ್ರಾಲರಿನ ಮುಖ್ಯಸ್ಥ ಇವತ್ತಿಗೂ ತಂಡೇಲನೇ.

ಜಮ್ನಾ, ದಾವಾ, ಆರಿಯಾ ಈ ಮೂರು ಪದ ನಿಮ್ಮ ಪಟ್ಟಿಯಲ್ಲಿ ನೋಡಿ ನನಗೆ ಖುಷಿಯಾಯಿತು. ಇವು ಲಸ್ಕರಿ ಮಾತು. ಹಡಗಿನ ಮೇಲೆ ಮಾತ್ರ ನಡೆಯುತ್ತಿದ್ದ, ಹತ್ತು ಕಡೆಯ ಪದಗಳಿಂದ ಕಟ್ಟಿದ ಭಾಷೆ. ಇಂಗ್ಲಿಷ್ ಅಧಿಕಾರಿಗಳಿಗೆ ಇದು ಎಷ್ಟು ಬೇಕಾಗಿತ್ತು ಅಂದರೆ, 1811ರಲ್ಲಿ ಕಲ್ಕತ್ತೆಯಲ್ಲಿ ಹಡಗಿನ ಪದಗಳದ್ದೇ ಒಂದು ಇಂಗ್ಲಿಷ್–ಹಿಂದೂಸ್ಥಾನಿ ನಿಘಂಟು ಅಚ್ಚಾಯಿತು.

ಜಮ್ನಾ ಅಂದರೆ ಬಲ, ದಾವಾ ಅಂದರೆ ಎಡ. ಗುಜರಾತಿಯಲ್ಲಿ ಬಲಕ್ಕೆ ಜಮಣು, ಎಡಕ್ಕೆ ಡಾಬು. ಜಮವು ಅಂದರೆ ಊಟ ಮಾಡುವುದು. ನಮ್ಮ ಮಕ್ಕಳಿಗೂ ‘ಊಟ ಮಾಡೋ ಕೈ ಯಾವುದು?’ ಅಂತ ಕೇಳಿಯೇ ಬಲಗೈ ಕಲಿಸುತ್ತೇವೆ ಅಲ್ವಾ? ಅಷ್ಟೇ. ನೀವು ಕೇಳಿದ ಸ್ಟಾರ್‌ಬೋರ್ಡ್ ಇದೇ ಜಮ್ನಾ, ಪೋರ್ಟ್ ಇದೇ ದಾವಾ. ಮುಂದಕ್ಕೆ ಮುಖ ಮಾಡಿ ನಿಂತಾಗ ಇರುವ ಬಲ, ಎಡ. ನೀವು ಹಿಂದಕ್ಕೆ ತಿರುಗಿ ನಿಂತರೂ ಅವು ಬದಲಾಗುವುದಿಲ್ಲ. ಅದು ನಿಮ್ಮ ಬಲ ಅಲ್ಲ, ಹಡಗಿನ ಬಲ. ಅದಕ್ಕೇ ಬೇರೆ ಪದ ಬೇಕಾದದ್ದು.

ಸ್ಟಾರ್‌ಬೋರ್ಡ್‌ನಲ್ಲಿ ನಕ್ಷತ್ರ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಸ್ಟಿಯರ್ ಮಾಡುವ ಬದಿ. ಆಗ ಚುಕ್ಕಾಣಿ ಹಿಂಬದಿಯ ನಡುವೆ ಇರಲಿಲ್ಲ. ಒಂದು ದೊಡ್ಡ ಹುಟ್ಟನ್ನು ಹಡಗಿನ ಬಲಗಡೆಗೆ ಕಟ್ಟಿ ತಿರುಗಿಸುತ್ತಿದ್ದರು. ಎಡಗಡೆಗೆ ಮೊದಲು ಲಾರ್‌ಬೋರ್ಡ್ ಅನ್ನುತ್ತಿದ್ದರು. ಕೂಗಿದಾಗ ಎರಡೂ ಒಂದೇ ಥರ ಕೇಳಿಸಿ ಗೊಂದಲ ಆಗುತ್ತಿತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಪೋರ್ಟ್ ಅಂತಲೇ ಹೇಳಬೇಕು ಅಂತ ಆದೇಶ ಮಾಡಿತು. ಜಮ್ನಾ, ದಾವಾಗಳಿಗೆ ಆ ತೊಂದರೆ ಇಲ್ಲ. ಎಷ್ಟು ಗಾಳಿಯಿದ್ದರೂ ಬೇರೆ ಬೇರೆಯಾಗಿ ಕೇಳುತ್ತವೆ.

ಹೀಗೆ ಹುಟ್ಟು ಕಟ್ಟಿ ತಿರುಗಿಸುವ ಹಡಗನ್ನು ನೋಡಬೇಕು ಅಂದರೆ ನಮ್ಮ ಕಾಲದಲ್ಲೇ ಒಂದು ಇದೆ. ನಮ್ಮ ನೌಕಾಪಡೆಯ ಹಾಯಿಹಡಗು ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾ ಗುಹೆಯಲ್ಲಿ 5ನೇ ಶತಮಾನದ ಒಂದು ಹಡಗಿನ ಚಿತ್ರ ಇದೆ. ಅದನ್ನು ನೋಡಿ ಗೋವಾದಲ್ಲಿ ಕಟ್ಟಿದ ಹಡಗು ಇದು. ಹಲಗೆಗಳನ್ನು ಮೊಳೆಯಿಂದ ಜೋಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಚುಕ್ಕಾಣಿಯ ಬದಲು ಹುಟ್ಟುಗಳು. ಚೌಕದ ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಮೇ 21, 2025ರಂದು ನೌಕಾಪಡೆ ಇದನ್ನು ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲೇ. ಈ ನಾರಿನ ಹಗ್ಗಕ್ಕೆ ನಮ್ಮವರು ಕತ್ತದ ಹಗ್ಗ ಅನ್ನುತ್ತಾರೆ. ಮಲಯಾಳದಲ್ಲಿ ಕಯರ್. ಇಂಗ್ಲಿಷಿನ ಕಾಯಿರ್ ಅದರಿಂದಲೇ ಬಂತು. ಪದಗಳು ಹೋಗಿವೆ ಕೂಡ, ಬರೀ ಬಂದಿಲ್ಲ.

ಆರಿಯಾ ಅಂದರೆ ‘ಇಳಿಸು’. ಪೋರ್ಚುಗೀಸಿನ ಅರ್ರಿಯಾರ್, ಹಾಯಿ ಇಳಿಸು ಅನ್ನುವ ಆಜ್ಞೆ. ಇದರ ಜೋಡಿ ‘ಹಬೇಸ್’, ಮೇಲಕ್ಕೆ ಎಳೆ ಅಂತ. ಈ ಪದಗಳು ಸತ್ತಿವೆ ಅಂದುಕೊಳ್ಳಬೇಡಿ. ಕ್ರೇನಿನಲ್ಲಿ ಭಾರ ಎತ್ತುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿ. ಕೆಳಗೆ ನಿಂತು ಕೈಸನ್ನೆ ಮಾಡುವ ಖಲಾಸಿ ‘ಆರಿಯಾ, ಆರಿಯಾ’ ಅಂತ ಕೂಗುವುದು ಇವತ್ತಿಗೂ ಕೇಳಿಸುತ್ತದೆ. ಹಾಯಿ ಇಳಿಸುವ ಮಾತು ಈಗ ಕಬ್ಬಿಣದ ತೊಲೆ ಇಳಿಸುತ್ತಿದೆ.

ಶೀಟ್ ಬಗ್ಗೆ ಕೇಳಿದ್ದೀರಿ. ಇದರಲ್ಲಿ ಎಲ್ಲರೂ ಎಡವುತ್ತಾರೆ. ಶೀಟ್ ಅಂದರೆ ಹಾಯಿಯ ಬಟ್ಟೆ ಅಲ್ಲ, ಹಗ್ಗ. ಹಾಯಿಯ ಕೆಳಗಿನ ಮೂಲೆಗೆ ಕಟ್ಟಿ, ಬೇಕಾದಂತೆ ಎಳೆಯುವ, ಸಡಿಲ ಬಿಡುವ ಹಗ್ಗ. ಎಷ್ಟು ಗಾಳಿ ಹಿಡಿಯಬೇಕು ಅನ್ನುವುದು ಈ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಲಸ್ಕರಿಯಲ್ಲಿ ಇದು ದಾಮನ್. ಪಾರಸಿಯಲ್ಲಿ ದಾಮನ್ ಅಂದರೆ ಉಡುಪಿನ ಸೆರಗು, ಅಂಚು. ಹಾಯಿಗೂ ಸೆರಗು ಇದೆ ಅಂತ ಕಂಡವರು ಯಾರೋ, ಅವರಿಗೆ ನಮಸ್ಕಾರ. ಪ್ರಾಜೆಕ್ಟಿನಲ್ಲಿ ‘ಹಾಯಿಯ ಸೆರಗಿನ ಹಗ್ಗ’ ಅಂತ ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ.

ಕೊನೆಗೆ ಮಾರು. ಇದನ್ನು ನಾನು ಬೇಕೆಂದೇ ಉಳಿಸಿಕೊಂಡೆ. ಎರಡು ಕೈಗಳನ್ನು ಅಗಲಕ್ಕೆ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಒಂದು ಮಾರು. ಹೆಚ್ಚುಕಡಿಮೆ ಆರಡಿ. ಬೆಂಗಳೂರಿನ ಹೂವಿನಂಗಡಿಯಲ್ಲಿ ‘ಮಾರಿಗೆ ಎಷ್ಟು?’ ಅಂತ ಕೇಳುತ್ತೇವಲ್ಲ, ಅದೇ ಮಾರು. ದೋಣಿಯಲ್ಲಿ ಆಳ ನೋಡಲು ಹಗ್ಗದ ತುದಿಗೆ ಭಾರ ಕಟ್ಟಿ ಬಿಡುತ್ತಾರೆ. ತಳ ಮುಟ್ಟಿದ ಮೇಲೆ ಎಳೆದುಕೊಳ್ಳುತ್ತಾ ಕೈ ಚಾಚಿ ಚಾಚಿ ಎಣಿಸುತ್ತಾರೆ. ಒಂದು ಮಾರು, ಎರಡು ಮಾರು. ಬೇರೆ ಅಳತೆಕೋಲು ಬೇಕಿಲ್ಲ. ಅಳತೆ ಮೈಯಲ್ಲೇ ಇದೆ. ಇಂಗ್ಲಿಷಿನ ಫ್ಯಾದಮ್ ಕೂಡ ಆರಡಿಯೇ. ಆ ಪದದ ಹಳೆಯ ಅರ್ಥವೂ ಚಾಚಿದ ತೋಳುಗಳು, ಅಪ್ಪುಗೆ. ಅವರು ನಮ್ಮಿಂದ ಕಲಿಯಲಿಲ್ಲ, ನಾವು ಅವರಿಂದ ಕಲಿಯಲಿಲ್ಲ. ಹಗ್ಗ ಎಳೆಯುವ ಮನುಷ್ಯನ ತೋಳು ಎಲ್ಲ ಕಡೆಯೂ ಅಷ್ಟೇ ಉದ್ದ.

ಕೈಯನ್ನೇ ಅಳತೆ ಮಾಡಿದ್ದು ಆಳಕ್ಕೆ ಮಾತ್ರ ಅಲ್ಲ. ಅರಬ್ಬೀ ಸಮುದ್ರದ ನಾವಿಕರು ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಅಂತ ಬೆರಳಿನಲ್ಲಿ ಎಣಿಸುತ್ತಿದ್ದರು. ಕಮಾಲ್ ಅನ್ನುವ ಸಣ್ಣ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ಒಂದು ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದೆ ಚಾಚಿ ಹಿಡಿಯಬೇಕು. ಹಲಗೆಯ ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ನಕ್ಷತ್ರಕ್ಕೆ ತಾಗಬೇಕು. ಯಾವ ಗಂಟಿನಲ್ಲಿ ಹಾಗಾಗುತ್ತದೋ ಅದು ಯಾವ ಊರಿನ ಸಾಲು, ಅಂದರೆ ಅಕ್ಷಾಂಶ, ಅಂತ ತಿಳಿಯುತ್ತದೆ. ಒಂದು ಬೆರಳು ಅಂದರೆ ಸುಮಾರು ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಮಂಗಳೂರಿನಲ್ಲಿ ಧ್ರುವ ನಕ್ಷತ್ರ ಸುಮಾರು 13 ಡಿಗ್ರಿ ಎತ್ತರದಲ್ಲಿದೆ, ಕಾರವಾರದಲ್ಲಿ 15ರ ಹತ್ತಿರ. ನಡುವೆ ಒಂದು ಬೆರಳು, ಮೇಲೆ ಚೂರು. ದಾರಿಗೆ ಹೊತ್ತಿನದೇ ಒಂದು ಅಳತೆ: ಮೂರು ಗಂಟೆ ಸಾಗುವ ದಾರಿಗೆ ಅವರು ಝಾಮ್ ಅನ್ನುತ್ತಿದ್ದರು. ನಮ್ಮ ಜಾವವೂ ಮೂರು ಗಂಟೆಯೇ.

ಪ್ರಾಜೆಕ್ಟಿಗೆ ಹೀಗೆ ಮಾಡಿ. ಪದ, ಅರ್ಥ ಅಂತ ಎರಡೇ ಸಾಲು ಬೇಡ. ಮೂರನೆಯದು ಹಾಕಿ: ಇದನ್ನು ಯಾರು, ಯಾವ ಹೊತ್ತಿನಲ್ಲಿ ಹೇಳುತ್ತಿದ್ದರು? ಆರಿಯಾ ಅಂತ ಕೂಗುತ್ತಿದ್ದವನು ಯಾರು, ಹಗ್ಗ ಯಾರ ಕೈಯಲ್ಲಿತ್ತು? ಅಮ್ಮನಿಗೆ ಪದ ಕೇಳಬೇಡಿ, ಕಥೆ ಕೇಳಿ. ಅಜ್ಜ ಅಳಿವೆ ದಾಟಿದ ಒಂದು ದಿನದ ಕಥೆ ಹೇಳಿ ಅನ್ನಿ. ಹೇಳುತ್ತಾ ಹೋದಂತೆ ಪಟ್ಟಿಯಲ್ಲಿ ಇಲ್ಲದ ಪದಗಳೂ ಹೊರಗೆ ಬರುತ್ತವೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಕೇಳಲು ಹೋಗುವಷ್ಟರಲ್ಲಿ ಹೇಳುವವರು ಇರಲಿಲ್ಲ, ಅದು ನನ್ನನ್ನು ಈಗಲೂ ಕಾಡುತ್ತದೆ.

ಮತ್ತೆ ಸಾಧ್ಯವಾದರೆ ಮಳೆಗಾಲ ಮುಗಿದ ಮೇಲೆ ಮಗಳನ್ನು ಮಂಗಳೂರಿನ ಹಳೆ ಬಂದರಿಗೆ ಕರೆದುಕೊಂಡು ಹೋಗಿ. ಲಕ್ಷದ್ವೀಪಕ್ಕೆ ಹೋಗುವ ಮರದ ಮಂಜಿಗಳಿಗೆ ಅಲ್ಲಿ ಜಲ್ಲಿ, ತರಕಾರಿ, ದಿನಸಿ ಹೇರುತ್ತಾರೆ. ಈಗ ಎಲ್ಲದರಲ್ಲೂ ಎಂಜಿನ್. ಆದರೆ ಸರಕಾರದ ಕಾಗದಪತ್ರದಲ್ಲಿ ಅವುಗಳ ಹೆಸರು ಇನ್ನೂ ‘ಮೆಕನೈಸ್ಡ್ ಸೇಲಿಂಗ್ ವೆಸೆಲ್’, ಎಂಜಿನ್ ಹಾಕಿದ ಹಾಯಿಹಡಗು.